ನೆರವು ನಿಂತಿದೆ, ಸಂಘದ ಹೆಂಗಸರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಬಳ್ಳಾರಿಯವಳು, ಮದುವೆಯಾಗಿ ವಿಜಯವಾಡ ಸೇರಿದೆ. ಇಲ್ಲಿನ ಗುಡ್ಡದ ಬಸ್ತಿಗಳಲ್ಲೂ ವಿಶಾಖಪಟ್ಟಣದಲ್ಲೂ ಹೆಂಗಸರ ಸಂಘ ಕಟ್ಟಿ, ಪಾಲಿಕೆಯನ್ನು ಲೆಕ್ಕ ಕೇಳಲು ಕಲಿಸುವ ಸಂಸ್ಥೆಯಲ್ಲಿದ್ದೇನೆ. 2025ರಲ್ಲಿ ಅಮೆರಿಕದ ನೆರವು ನಿಂತಿತು. ಸಂಬಳ ಬಾಕಿಯಿದೆ. ಬೇರೊಂದು ಸಂಸ್ಥೆಗೆ ಬರುವ ವಿದೇಶಿ ಹಣದಲ್ಲಿ ಪಾಲು ತರಿಸೋಣ ಎನ್ನುತ್ತಾರೆ ಕಾರ್ಯದರ್ಶಿ. ‘ಫಾರಿನ್ ದುಡ್ಡಿನವರು’ ಎಂಬ ಮಾತೂ ಕಿವಿಗೆ ಬೀಳುತ್ತಿದೆ. ಅರ್ಜಿಯ ರಸೀದಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬರುವ ಆ ಹೆಂಗಸರಿಗೆ ಏನು ಹೇಳಲಿ?

ಉತ್ತರ: ಪಾಲಿನ ಮಾತಿಗೆ ಒಪ್ಪಬೇಡಿ, ತಂಗಿ. 2020ರ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಅಂಥ ಕಾಗದಕ್ಕೆ ರುಜು ಹಾಕಲೇಬೇಡಿ. ಬಾಕಿ ಸಂಬಳವನ್ನು ಬರಹದಲ್ಲಿ ಕೇಳಿ, ಅನುಭವಪತ್ರ ಪಡೆಯಿರಿ, ಪಿಎಫ್ ಪಾಸ್‌ಬುಕ್ ನೋಡಿಕೊಳ್ಳಿ. ಬೇರೆ ಕೆಲಸ ಹುಡುಕಿದರೆ ಹೆಂಗಸರನ್ನು ಕೈಬಿಟ್ಟಂತಲ್ಲ. ನಿಮ್ಮ ಮನೆಯೂ ನಡೆಯಬೇಕಲ್ಲ.

ಆ ಹೆಂಗಸರಿಗೆ ನಿಜವನ್ನೇ ಹೇಳಿ. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ತೆಲುಗಿನಲ್ಲಿ ಬರೆಸಿ, ಅವರ ಮುಂದೆ ಓದಿಸಿ. ಪಾಲಿಕೆಯನ್ನು ಲೆಕ್ಕ ಕೇಳಲು ಕಲಿಸಿದವರು ತಮ್ಮ ಲೆಕ್ಕ ಮುಚ್ಚಿಟ್ಟರೆ ಆ ಪಾಠಕ್ಕೇ ಬೆಲೆಯಿರುವುದಿಲ್ಲ. ‘ಫಾರಿನ್ ದುಡ್ಡಿನವರು’ ಎಂಬ ಮಾತಿಗೂ ಉತ್ತರ ಅದೇ.

ಈ ಎರಡೂ ಊರು ವಿದೇಶಿ ನೆರವನ್ನು ಹಿಂದೆಯೂ ಕಂಡಿವೆ. ವಿಶಾಖಪಟ್ಟಣದಲ್ಲಿ 1988ರಿಂದ, ವಿಜಯವಾಡದಲ್ಲಿ 1990ರಿಂದ ಬ್ರಿಟನ್ನಿನ ಹಣದಲ್ಲಿ ಕೊಳೆಗೇರಿ ಸುಧಾರಣೆ ನಡೆಯಿತು. ಯೋಜನೆ ಮುಗಿದರೂ ರಸ್ತೆ, ಚರಂಡಿ ನೋಡಿಕೊಳ್ಳಲು ಪಾಲಿಕೆಯಿತ್ತು. ಆಗ ಕಟ್ಟಿದ ಬಸ್ತಿ ಸಮಿತಿಗಳಿಗೆ ಅಂಥ ವಾರಸುದಾರರು ಎಲ್ಲಿಂದ ಬರಬೇಕು? ನಿಮ್ಮ ಸಂಘಕ್ಕೆ ಆ ಗತಿ ಬರಬಾರದೆಂಬುದೇ ನನ್ನ ಕಳಕಳಿ.

ಸಂಘ ಉಳಿಸಲು ದೊಡ್ಡ ಹಣವೇ ಬೇಕೆಂದು ನನಗನ್ನಿಸುವುದಿಲ್ಲ. ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. 2019ರಿಂದ ವಾರ್ಡ್ ಮಟ್ಟದಲ್ಲೇ ಸರ್ಕಾರಿ ಕಚೇರಿಗಳಿವೆ, ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಅಹವಾಲು ಕೇಳುತ್ತಾರೆ. ಖರ್ಚು ಬೀಳುವುದು ಆಟೋಗೆ, ಜೆರಾಕ್ಸಿಗೆ, ಬಿಟ್ಟ ದಿನಗೂಲಿಗೆ. ಅದಕ್ಕೆ ಸಂಘದ ಹೆಸರಿನಲ್ಲೇ ಖಾತೆ ತೆರೆದು, ತಿಂಗಳಿಗೆ ಇಷ್ಟೆಂದು ಹೆಂಗಸರೇ ಕೂಡಿಸಲಿ. ನೀವು ಹೊರಡುವ ಮೊದಲು ಅರ್ಜಿ ಬರೆಯಬಲ್ಲ ಇಬ್ಬರನ್ನು ಪ್ರತಿ ಬಸ್ತಿಯಲ್ಲೂ ಗುರುತಿಸಿ, ಹಳೆಯ ಅರ್ಜಿಗಳ ಕಡತವನ್ನು ಅವರ ಕೈಗೆ ಕೊಡಿ. ಕಡತ ಸಂಸ್ಥೆಯ ಬೀರುವಿನಲ್ಲಿ ಉಳಿಯಬಾರದು.