ಅತ್ತೆಯ ಮಂಪರಿಗೆ ವಯಸ್ಸೇ ಕಾರಣವೇ?

ಸಾರಕ್ಕಿಯ ಸೊಸೆಯವರೇ,

ಕಾಲುರಿಗೆ ಪ್ರೆಗಾಬಾಲಿನ್ ಶುರುವಾದ ಮೇಲೆ ಅತ್ತೆಯವರಿಗೆ ಹಗಲೆಲ್ಲ ಮಂಪರು, ನಡೆದರೆ ತೂರಾಟ, ಆಗಾಗ ಕೈ ಅದುರುತ್ತದೆ ಎಂದು ಬರೆದಿದ್ದೀರಿ. ಮನೆಯವರು ‘ವಯಸ್ಸಾಯ್ತಲ್ಲ’ ಅಂದರಂತೆ. ನನಗೆ ಮಾತ್ರೆಯ ಮೇಲೇ ಮೊದಲ ಅನುಮಾನ. ಕ್ರಿಯಾಟಿನಿನ್ 1.8 ಅಷ್ಟೇ ಎಂದು ಸಮಾಧಾನಪಡಬೇಡಿ. 74 ವರ್ಷದ ಹೆಂಗಸಿಗೆ ಅದರರ್ಥ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 29. ಪ್ರೆಗಾಬಾಲಿನ್ ಹೊರಹೋಗುವುದು ಬಹುಪಾಲು ಮೂತ್ರದಲ್ಲೇ. ಕಿಡ್ನಿ ಸೋತಾಗ ಮಾಮೂಲಿ ಡೋಸೂ ರಕ್ತದಲ್ಲಿ ಜಮೆಯಾಗುತ್ತದೆ. ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ; ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಡೋಸ್ ಇಳಿಸುವ ಬಗ್ಗೆ ಕೇಳಿ.

ಮಂಪರು ಕಂಡಾಗ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಕೂಡ ಇದೆಯಲ್ಲ, ಕಿಡ್ನಿ ಕುಗ್ಗಿದವರಲ್ಲಿ ಅದು ಸಕ್ಕರೆಯನ್ನು ತೀರಾ ಇಳಿಸಬಹುದು. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಎಬ್ಬಿಸಿದರೂ ಏಳದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಟ್‌ಫಾರ್ಮಿನ್ ಇದ್ದರೆ ಅದನ್ನೂ ಕೇಳಿ; ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದವರಿಗೆ ಅದು ಸಲ್ಲದು.

ನನಗೆ ಹೆಚ್ಚು ಗಾಬರಿಯಾಗಿದ್ದು ಪತ್ರದ ಕೊನೆಯ ಸಾಲು: ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫಿನ್ಯಾಕ್. ಬಿಪಿಯ ಟೆಲ್ಮಿಸಾರ್ಟನ್, ನೀರಿಳಿಸುವ ಮಾತ್ರೆ, ಜೊತೆಗೆ ಇದು. ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಡೈಕ್ಲೋಫಿನ್ಯಾಕನ್ನು ಇವತ್ತೇ ಬಿಡಿಸಿ. ದಿನಾ ಎಳನೀರೂ ಬೇಡ, ಟೆಲ್ಮಿಸಾರ್ಟನ್ ಜೊತೆ ಪೊಟ್ಯಾಸಿಯಂ ಏರುತ್ತದೆ.

ಮಾತ್ರೆಗಳನ್ನೆಲ್ಲ, ಕಷಾಯ-ಭಸ್ಮಗಳನ್ನೂ ಒಂದು ಚೀಲಕ್ಕೆ ಹಾಕಿ ಕಿಡ್ನಿ ತಜ್ಞರ ಮುಂದಿಡಿ. ಖರ್ಚಿನ ಚಿಂತೆಯಿದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ.