ಹೊಟ್ಟೆ ತುಂಬಿದರೂ ಕೈ ನಿಲ್ಲುವುದಿಲ್ಲವೇಕೆ?

ಬೆಂಗಳೂರಿನಿಂದ ಹಿರಿಯೂರಿನ ಕಡೆ ಹೋಗುವ ಬಸ್ಸು ಜವನಗೊಂಡನಹಳ್ಳಿ ದಾಟುವಾಗ ಹೆದ್ದಾರಿಯ ಬದಿಯಲ್ಲಿ ಬೋಂಡಾ ಕರಿಯುವ ವಾಸನೆ ಬಂದರೆ, ಆಗ ತಾನೇ ಊಟ ಮಾಡಿದವರಿಗೂ ಬಾಯಲ್ಲಿ ನೀರೂರುತ್ತದೆ. ಇದು ಹಸಿವಲ್ಲ, ತಿನ್ನುವ ಆಸೆ. ಎರಡೂ ಬೇರೆ ಬೇರೆ.

ಹಸಿವನ್ನು ನೋಡಿಕೊಳ್ಳುವುದು ಮೆದುಳಿನ ಹೈಪೋಥಲಾಮಸ್ ಎಂಬ ಪುಟ್ಟ ಭಾಗ. 1951ರಲ್ಲಿ ಭಾರತೀಯ ವಿಜ್ಞಾನಿ ಬಿ.ಕೆ. ಆನಂದ್ ಅವರು ಅಮೆರಿಕದ ಜಾನ್ ಬ್ರೋಬೆಕ್ ಜೊತೆಗೂಡಿ, ಅದರ ಪಕ್ಕದ ಭಾಗ ಹಾಳಾದ ಇಲಿಗಳು ಆಹಾರ ಮುಂದಿದ್ದರೂ ತಿನ್ನುವುದಿಲ್ಲವೆಂದು ತೋರಿಸಿದರು. ಖಾಲಿ ಹೊಟ್ಟೆ ಗ್ರೆಲಿನ್ ಎಂಬ ಹಾರ್ಮೋನಿನ ಮೂಲಕ ಅಲ್ಲಿಗೆ ‘ಊಟ ಬೇಕು’ ಎಂದು ತಿಳಿಸುತ್ತದೆ. ದೇಹದ ಕೊಬ್ಬಿನಿಂದ ಬರುವ ಲೆಪ್ಟಿನ್ ‘ಸಂಗ್ರಹ ಸಾಕಷ್ಟಿದೆ’ ಎನ್ನುತ್ತದೆ. ಗ್ರೆಲಿನ್ ನಮ್ಮ ಊಟದ ವೇಳೆಯನ್ನೂ ಅನುಸರಿಸುತ್ತದೆ. ಉಪವಾಸದ ಮೊದಲ ದಿನಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸುಮ್ಮನಾಗುವುದಕ್ಕೆ ಇದೂ ಒಂದು ಕಾರಣ.

ಆಸೆಯ ದಾರಿ ಬೇರೆ. ಅಲ್ಲಿ ಕೆಲಸ ಮಾಡುವುದು ಡೋಪಮಿನ್. ಅದು ರುಚಿಯನ್ನು ಕೊಡುವುದಕ್ಕಿಂತ ಹೆಚ್ಚಾಗಿ ‘ಇನ್ನೂ ಬೇಕು’ ಎಂದು ನಮ್ಮನ್ನು ಎಬ್ಬಿಸಿ ನಡೆಸುತ್ತದೆ. ವಾಸನೆ, ಬಣ್ಣದ ಪೊಟ್ಟಣ, ಟಿ.ವಿ. ಮುಂದೆ ಕೂರುವ ಸಮಯ, ಇವಿಷ್ಟೇ ಅದನ್ನು ಕೆಣಕಲು ಸಾಕು.

ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯುವಂಥದ್ದು. ಸನ್ನೆಯೊಂದನ್ನು ಒತ್ತಿ ತನ್ನ ಮೆದುಳಿನ ಈ ಭಾಗಗಳಿಗೆ ತಾನೇ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟುಕೊಳ್ಳಲು ಇಲಿಗಳಿಗೆ ಅವಕಾಶವಿತ್ತು. ಆ ಸುಖದ ಅನುಭವ ಪಡೆದ ಇಲಿಗಳ ನರಕೋಶಗಳಲ್ಲಿ ಕವಲುಗಳು ಹೆಚ್ಚಿದ್ದವು. ಅಂದರೆ ಮತ್ತೆ ಮತ್ತೆ ಸಿಗುವ ಸುಖ ಮೆದುಳಿನ ರಚನೆಯಲ್ಲೇ ಗುರುತು ಬಿಡಬಲ್ಲದು.

2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು ನೋಡಿದರು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮವಾಗಿದ್ದರೂ ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ಆದ್ದರಿಂದ ದಪ್ಪಗಿರುವ ಮಗಳನ್ನೋ ಸೊಸೆಯನ್ನೋ ‘ಹೊಟ್ಟೆಬಾಕಿ’ ಎಂದು ಹಂಗಿಸುವುದು ತಪ್ಪು. ಮನಸ್ಸಿನ ಬಲವೊಂದನ್ನೇ ನಂಬುವುದಕ್ಕಿಂತ ಮನೆಯ ವ್ಯವಸ್ಥೆ ಬದಲಿಸುವುದು ಸುಲಭ.

• ಚಿಪ್ಸ್, ಬಿಸ್ಕತ್ತುಗಳನ್ನು ಕಣ್ಣಿಗೆ ಕಾಣುವಲ್ಲಿ ಇಡಬೇಡಿ.

• ಮುದ್ದೆಯ ಜೊತೆ ಹುರುಳಿ ಸಾರು, ಸೊಪ್ಪು ಇರಲಿ. ನಾರು ಮತ್ತು ಪ್ರೋಟೀನು ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತವೆ.

• ನಿಧಾನವಾಗಿ ಉಣ್ಣಿ. ‘ಸಾಕು’ ಎಂಬ ಸುದ್ದಿ ಮೆದುಳಿಗೆ ಮುಟ್ಟಲು ಸಮಯ ಬೇಕು.

• ಅತ್ತ ಮಗುವನ್ನು ಸಿಹಿ ಕೊಟ್ಟು ಸುಮ್ಮನಿರಿಸುವ ರೂಢಿ ಬಿಡಿ.

• ನಿದ್ದೆಗೆಡಬೇಡಿ. ನಿದ್ದೆ ಕಡಿಮೆಯಾದರೆ ತಿನ್ನುವ ಆಸೆ ಹೆಚ್ಚುತ್ತದೆ.

ಹಸಿವು ಇದ್ದಕ್ಕಿದ್ದಂತೆ ವಿಪರೀತ ಹೆಚ್ಚಿದರೆ ಅಥವಾ ಪೂರ್ತಿ ಇಂಗಿದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ತಿನ್ನಬೇಕೆನಿಸಿದಾಗ ಒಂದು ಲೋಟ ನೀರು ಕುಡಿದು, ‘ಈಗ ಬರೀ ಮುದ್ದೆ, ಸಾರು ಕೊಟ್ಟರೂ ಉಣ್ಣುತ್ತೇನೆಯೇ?’ ಎಂದು ಕೇಳಿಕೊಳ್ಳಿ. ಹೌದೆಂದರೆ ಹಸಿವು, ಉಣ್ಣಿ. ಇಲ್ಲವೆಂದರೆ ಅದು ಆಸೆ, ಹತ್ತು ನಿಮಿಷ ಬೇರೆ ಕೆಲಸದಲ್ಲಿ ತೊಡಗಿ.