ಪದಪಾಠ: ಗುಮ್ಮನಗುಸುಕ



ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವ ಮಾತು ‘ಗುಮ್ಮನಗುಸುಕ’. ಹಳೆಯ ಮೈಸೂರು ಸೀಮೆಯವರಿಗೆ ಇದು ಮನೆಯಲ್ಲಿ ಆಡುವ ಮಾತು. ಬೇರೆ ಸೀಮೆಗಳ ಕೆಲವರು ಇದನ್ನು ಕೇಳಿರುವರೇ ಹೊರತು ಅಷ್ಟಾಗಿ ಆಡುವುದಿಲ್ಲ. ಕನ್ಹಾನಿನಲ್ಲಿ ಒಂದೇ ಕೋಣೆಯಲ್ಲಿ ಮೂರು ಜಿಲ್ಲೆಗಳ ಕನ್ನಡಿಗರು ಒಟ್ಟಿಗೆ ಇರುವುದುಂಟು. ಅಂಥ ಕಡೆ ಒಬ್ಬನು ತಮಾಷೆಗೆ ಆಡಿದ ಮಾತನ್ನು ಇನ್ನೊಬ್ಬನು ಬೈಗುಳವೆಂದು ತಿಳಿಯಬಹುದು. ಮನುಷ್ಯನ ಮೇಲೆ ಒಮ್ಮೆ ಹಚ್ಚಿದ ಹೆಸರು ಬೇಗ ಅಳಿಸಿ ಹೋಗುವುದೂ ಇಲ್ಲ. ಆದ್ದರಿಂದ ಈ ಮಾತಿನ ಅರ್ಥವೇನು, ತೂಕವೆಷ್ಟು, ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ವಿಚಾರ ಮಾಡೋಣ.

ಅರ್ಥ ಮತ್ತು ರೂಪ

ಮನಸ್ಸಿನಲ್ಲಿರುವುದನ್ನು ಹೊರಗೆ ಬಿಡದವನು, ತನ್ನ ಸಂಗತಿಯನ್ನು ಹತ್ತಿರದವರಿಗೂ ತಿಳಿಯಗೊಡದವನು ಗುಮ್ಮನಗುಸುಕ. ಹೆಂಗಸಾದರೆ ಗುಮ್ಮನಗುಸುಕಿ. ಹಲವರಾದರೆ ಗುಮ್ಮನಗುಸುಕರು. ಆ ಸ್ವಭಾವಕ್ಕೆ ಗುಮ್ಮನಗುಸುಕತನ ಎನ್ನಬಹುದು. ಬಾಯಿಮಾತಿನಲ್ಲಿ ನಡುವಿನ ಸ್ವರ ಬಿದ್ದುಹೋಗಿ ‘ಗುಮ್ಮನಗುಸ್ಕ’ ಎಂದೂ ಕೇಳಿಬರುತ್ತದೆ. ‘ಗುಮ್ಮನಗುಸಕ’ ಎಂದು ಬರೆಯುವವರೂ ಉಂಟು.

ಈ ಮಾತನ್ನು ಕೇಳಿದೊಡನೆ ನಮಗೆ ಎರಡು ಮಾತುಗಳ ನೆನಪಾಗುತ್ತದೆ. ಒಂದು ‘ಗುಮ್ಮ’. ಮಕ್ಕಳನ್ನು ಹೆದರಿಸಲು ದೊಡ್ಡವರು ಕರೆಯುವ, ಯಾರೂ ಕಂಡಿಲ್ಲದ ಪ್ರಾಣಿ ಅದು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆಯನ್ನು ನಮ್ಮಲ್ಲಿ ಬಹುಮಂದಿ ಕೇಳಿದ್ದಾರೆ. ಇನ್ನೊಂದು ‘ಗುಸುಗುಸು’, ಅಂದರೆ ಕಿವಿಯ ಹತ್ತಿರ ಆಡುವ ಮೆಲುದನಿಯ ಮಾತು. ಪದದ ಹುಟ್ಟು ಇದೇ ಎಂದು ನಾವು ಸಾಧಿಸಹೊರಟಿಲ್ಲ. ಯಾರೂ ಕಾಣದ್ದು ಒಂದು, ಯಾರಿಗೂ ಕೇಳಿಸದ್ದು ಒಂದು, ಹೀಗೆ ನೆನಪಿಟ್ಟುಕೊಂಡರೆ ಅರ್ಥ ಮರೆಯುವುದಿಲ್ಲವೆಂದು ಮಾತ್ರ ಹೇಳುತ್ತೇವೆ.

ನಿಘಂಟು ನೋಡುವ ಅಭ್ಯಾಸವಿಲ್ಲದವರಿಗೆ ಒಂದು ಸೂಚನೆ. ‘ಗ’ ಅಕ್ಷರದಲ್ಲಿ ಗ, ಗಾ, ಗಿ, ಗೀ ಮುಗಿದ ಮೇಲೆ ‘ಗು’ ಬರುತ್ತದೆ. ವರ್ಣಮಾಲೆಯಲ್ಲಿ ಟಕಾರ ಮೊದಲು, ಮಕಾರ ಆಮೇಲೆ. ಆದುದರಿಂದ ‘ಗುಟ್ಟು’ ಮೊದಲು ಸಿಗುತ್ತದೆ, ‘ಗುಮ್ಮ’ ಕೆಲವು ಪುಟಗಳಾದ ಮೇಲೆ. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಾಗಿ 1995ರಲ್ಲಿ ಪೂರ್ಣವಾಯಿತು. ಆ ಕೆಲಸದಲ್ಲಿ ಬಹುಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ‘ಪ್ರಜಾವಾಣಿ’ಯ ಓದುಗರು ಕೇಳಿದ ಪದಗಳಿಗೆ ಅರ್ಥ ಬಿಡಿಸಿ ಹೇಳುತ್ತಿದ್ದರು. ಒಂದು ಪದದ ಅರ್ಥ ಕೇಳುವುದು ನಾಚಿಕೆಯ ಮಾತಲ್ಲವೆಂದು ಆ ಅಂಕಣ ಎಷ್ಟೋ ಜನರಿಗೆ ಕಲಿಸಿತು.

ಪ್ರಯೋಗ

ಕೆಲವು ವಾಕ್ಯಗಳನ್ನು ನೋಡಿರಿ.

‘ಅವನೊಬ್ಬ ಗುಮ್ಮನಗುಸುಕ ಕಣಯ್ಯ, ಮದುವೆ ಗೊತ್ತಾಗಿ ತಿಂಗಳಾದರೂ ಕೋಣೆಯವರಿಗೆ ಹೇಳಿಲ್ಲ.’

‘ಅತ್ತಿಗೆ ಗುಮ್ಮನಗುಸುಕಿ ಅಲ್ಲ, ಕೇಳಿದರೆ ಎಲ್ಲಾ ಹೇಳುತ್ತಾರೆ. ನೀನೇ ಕೇಳಲಿಲ್ಲ.’

‘ಏನೋ, ಗುಮ್ಮನಗುಸುಕನ ಹಾಗೆ ಕೂತಿದ್ದೀಯ? ಊರಿಂದ ಏನಾದರೂ ಸುದ್ದಿ ಬಂತೇನೋ?’

ಮೊದಲನೆಯದರಲ್ಲಿ ಆಕ್ಷೇಪಣೆ ಇದೆ, ಆದರೆ ಹಗೆ ಇಲ್ಲ. ಎರಡನೆಯದರಲ್ಲಿ ಒಬ್ಬರ ಮೇಲಿನ ಅಪವಾದವನ್ನು ತೆಗೆದಿದೆ. ಮೂರನೆಯದರಲ್ಲಿ ಗದರಿಕೆಯ ಒಳಗೆ ಕಕ್ಕುಲತೆ ಅಡಗಿದೆ. ಸಮವಯಸ್ಕರಲ್ಲಿ, ಚಿಕ್ಕವರಿಗೆ, ಸಲಿಗೆಯಿದ್ದವರಿಗೆ ಮಾತ್ರ ಇದು ಹೊಂದುತ್ತದೆ. ಹಿರಿಯರ ಎದುರಿಗೆ ಆಡತಕ್ಕದ್ದಲ್ಲ. ಅರ್ಜಿಯಲ್ಲಿ, ಕಚೇರಿಯ ಕಾಗದದಲ್ಲಿ ಬರೆಯತಕ್ಕದ್ದೂ ಅಲ್ಲ. ಅಲ್ಲಿ ‘ಸದರಿಯವರು ಈ ಸಂಗತಿಯನ್ನು ತಿಳಿಸಿರಲಿಲ್ಲ’ ಎಂದು ಬರೆದರೆ ಸಾಕು.

ಹತ್ತಿರದ ಮಾತುಗಳು

ಒಂದೇ ಅರ್ಥದವೆಂದು ತೋರುವ ಮಾತುಗಳನ್ನು ಬೇರೆಬೇರೆಯಾಗಿ ಅರಿತುಕೊಳ್ಳದಿದ್ದರೆ ಭಾಷೆ ಕೈಗೆ ಹತ್ತುವುದಿಲ್ಲ.

ಮಿತಭಾಷಿ: ಕಡಮೆ ಮಾತಾಡುವವನು. ಇದು ಹೊಗಳಿಕೆ. ಮಿತಭಾಷಿ ಕೇಳಿದ್ದಕ್ಕೆ ಎರಡೇ ಮಾತಿನಲ್ಲಿ ಸರಿಯಾದ ಉತ್ತರ ಕೊಡುತ್ತಾನೆ. ಗುಮ್ಮನಗುಸುಕ ಇಪ್ಪತ್ತು ಮಾತಾಡಿದರೂ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಮಾತು ಹೆಚ್ಚೋ ಕಡಮೆಯೋ ಎಂಬುದು ಮುಖ್ಯವಲ್ಲ.

ಮುಗುಮ್ಮಾಗಿ ಇರುವವನು: ಇದು ಹೊತ್ತಿಗೆ ಸಂಬಂಧಿಸಿದ ಮಾತು. ‘ಸಭೆಯಲ್ಲಿ ಮುಗುಮ್ಮಾಗಿ ಕೂತಿದ್ದ’ ಎಂದರೆ ಆ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ ಎಂದರ್ಥ. ಗುಮ್ಮನಗುಸುಕತನವಾದರೋ ಸ್ವಭಾವ.

ಬೂದಿ ಮುಚ್ಚಿದ ಕೆಂಡ: ಒಳಗೆ ಸಿಟ್ಟೋ ದ್ವೇಷವೋ ಇದ್ದು ಹೊರಗೆ ತಣ್ಣಗೆ ಕಾಣುವ ಸ್ಥಿತಿ. ಗುಮ್ಮನಗುಸುಕನ ಒಳಗೆ ಸಿಟ್ಟೇ ಇರಬೇಕೆಂಬ ನಿಯಮವಿಲ್ಲ. ಭಯವಿರಬಹುದು, ಸಂಕೋಚವಿರಬಹುದು, ಸಂತೋಷವೂ ಇರಬಹುದು.

ಗೋಮುಖವ್ಯಾಘ್ರ: ಒಳ್ಳೆಯವನಂತೆ ನಟಿಸಿ ಕೇಡು ಮಾಡುವವನು. ಅವನು ಸುಳ್ಳು ಮುಖ ತೋರಿಸುತ್ತಾನೆ. ಗುಮ್ಮನಗುಸುಕ ಯಾವ ಮುಖವನ್ನೂ ತೋರಿಸುವುದಿಲ್ಲ. ಇವೆರಡರ ನಡುವೆ ಬಹಳ ಅಂತರವಿದೆ.

ನೆರೆಯ ಭಾಷೆಗಳಲ್ಲಿ

ನಾವಿರುವುದು ಮರಾಠಿ ಮತ್ತು ಹಿಂದಿ ಎರಡೂ ನಡೆಯುವ ಊರಿನಲ್ಲಿ. ನದಿ ದಾಟಿ ಕಾಮಠಿಗೆ ಹೋದರೆ ಹಿಂದಿ, ಉರ್ದು ಇನ್ನೂ ಹೆಚ್ಚು. ಕೆಲಸದ ಕಡೆ ಕನ್ನಡದ ಮಾತಿಗೆ ಆ ಭಾಷೆಗಳಲ್ಲಿ ಸಮನಾದುದನ್ನು ಹುಡುಕಬೇಕಾಗುತ್ತದೆ. ಇಲ್ಲಿ ಎಚ್ಚರ ಬೇಕು.

ಮರಾಠಿಯಲ್ಲಿ ‘ಆತಲ್ಯಾ ಗಾಠೀಚಾ’ ಎಂಬ ನುಡಿಗಟ್ಟು ಇದೆ. ಅಕ್ಷರಶಃ ‘ಒಳಗಂಟಿನವನು’ ಎಂದಾಗುತ್ತದೆ. ಆದರೆ ಅದರಲ್ಲಿ ಕಪಟದ ವಾಸನೆ ಇದೆ, ಒಳಗೊಳಗೇ ಹಂಚಿಕೆ ಹೂಡುವವನು ಎಂಬ ಭಾವ ಬರುತ್ತದೆ. ಹಿಂದಿಯ ‘ಘುನ್ನಾ’ ಎಂದರೆ ಮುನಿಸನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲೆ ಏನೂ ತೋರಗೊಡದವನು. ಮರಾಠಿಯ ‘ಘುಮ್ಯಾ’ ನಮ್ಮ ಮಾತಿಗೆ ಇವೆರಡಕ್ಕಿಂತ ಹತ್ತಿರ. ಮಾತಿಲ್ಲದೆ ತನ್ನಷ್ಟಕ್ಕೆ ತಾನಿರುವವನು ಎಂದು ಅದರ ಅರ್ಥ. ತೆಲುಗರಲ್ಲಿ ‘ಗುಟ್ಟು’ ನಮ್ಮಲ್ಲಿರುವಂತೆಯೇ ಇದೆ.

ಈಗ ಇದರ ಫಲವನ್ನು ನೋಡಿರಿ. ನಮ್ಮವನೊಬ್ಬನ ಬಗ್ಗೆ ಮುಕಾದಮನು ‘ಇವನು ಹೇಗೆ?’ ಎಂದು ಕೇಳಿದನೆನ್ನಿ. ನಾವು ಸಲಿಗೆಯಿಂದ ಗುಮ್ಮನಗುಸುಕ ಎಂದು ಹೇಳಲು ಹೋಗಿ ‘ಆತಲ್ಯಾ ಗಾಠೀಚಾ’ ಎಂದುಬಿಟ್ಟರೆ, ನಾಚಿಕೆಯ ಹುಡುಗನನ್ನು ಕಪಟಿಯೆಂದು ಸಾಕ್ಷಿ ಹೇಳಿದಂತಾಗುತ್ತದೆ. ಬೀರುವಿನ ಬೀಗದ ಕೈಯನ್ನು ಅವನ ಕೈಗೆ ಯಾರೂ ಕೊಡುವುದಿಲ್ಲ. ಕಾರಣವೇನೆಂದು ಅವನಿಗೆ ತಿಳಿಯುವುದೂ ಇಲ್ಲ. ತೂಕ ಗೊತ್ತಿಲ್ಲದ ಮಾತಿಗಿಂತ ‘ಕಡಮೆ ಮಾತಾಡುತ್ತಾನೆ’ ಎಂಬ ಸಾದಾ ಮಾತು ಮೇಲು.

ಗುಟ್ಟು ಯಾವುದು, ರಟ್ಟು ಯಾವುದು?

ಗುಟ್ಟೆಲ್ಲ ಕೆಟ್ಟದ್ದಲ್ಲ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ಎಲ್ಲರೂ ಬಲ್ಲಿರಿ. ‘ರಟ್ಟು’ ಎಂಬುದಕ್ಕೆ ಪುಸ್ತಕದ ದಪ್ಪ ಹೊದಿಕೆ ಎಂಬ ಅರ್ಥವೂ ಇದೆ. ಇಲ್ಲಿ ಅದಲ್ಲ, ‘ಬಯಲು’ ಎಂದರ್ಥ. ಮನೆಯೊಳಗಿನ ಮಾತನ್ನು ಮನೆಯಲ್ಲೇ ಇಟ್ಟುಕೋ, ರೋಗವನ್ನು ಮಾತ್ರ ಬಚ್ಚಿಡಬೇಡ ಎಂದು ನಾಲ್ಕೇ ಮಾತಿನಲ್ಲಿ ಹಿರಿಯರು ಗೆರೆ ಎಳೆದಿದ್ದಾರೆ. ಸಂಸಾರದ ಗುಟ್ಟನ್ನು ಕಾಯುವವನು ಗಂಭೀರನು. ರಟ್ಟು ಮಾಡಬೇಕಾದುದನ್ನು ಗುಟ್ಟು ಮಾಡಿದವನೇ ನಿಜವಾದ ಗುಮ್ಮನಗುಸುಕನು. ಈ ಪಾಠದ ತಿರುಳು ಇಷ್ಟೇ.

ಪರಸ್ಥಳದಲ್ಲಿ ದುಡಿಯುವ ನಮಗೆ ಈ ಗೆರೆ ಊರಿನಲ್ಲಿರುವವರಿಗಿಂತ ಹೆಚ್ಚು ಬೇಕು. ಊರಿನಲ್ಲಾದರೆ ನಾವು ಹೇಳದಿದ್ದರೂ ಮುಖ ನೋಡಿ ತಿಳಿಯುವ ತಾಯಿ ಇರುತ್ತಾಳೆ, ಪಕ್ಕದ ಮನೆಯವರು ಇರುತ್ತಾರೆ. ಇಲ್ಲಿ ನಾವು ಹೇಳಿದ್ದಷ್ಟೇ ಇನ್ನೊಬ್ಬರಿಗೆ ಗೊತ್ತು.

ಮೊದಲು ವ್ಯಾಧಿಯ ಮಾತು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಇವು ಕಂಡರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧ ತೆಗೆದುಕೊಂಡರೆ ಗುಣವಾಗುತ್ತದೆ. ಔಷಧಕ್ಕೆ ಬಗ್ಗುವ ಕ್ಷಯವಾದರೆ, ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಇತರರಿಗೆ ಹರಡುವ ಭಯ ಬಹಳ ಮಟ್ಟಿಗೆ ಇಳಿಯುತ್ತದೆ. ಆದರೂ ‘ಬೀಡಿಯ ಕೆಮ್ಮು’, ‘ಧೂಳಿನ ಕೆಮ್ಮು’ ಎಂದು ಮುಚ್ಚಿಟ್ಟುಕೊಳ್ಳುವವರು ಇದ್ದಾರೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವಾಗ ಒಬ್ಬನ ಗುಟ್ಟು ಆರು ಜನರ ಶ್ವಾಸಕೋಶಕ್ಕೆ ಸಂಬಂಧಿಸಿದ್ದು.

ಎರಡನೆಯದು ದುಡಿಮೆಯ ಹಣ. ಮೇಜಿನ ಕೆಲಸ ಮಾಡುವ ನಮ್ಮ ಕಣ್ಣಿಗೆ ಬೀಳುವ ಸಂಗತಿ ಇದು. ಭವಿಷ್ಯ ನಿಧಿಯ ವ್ಯವಸ್ಥೆ 1952ರಿಂದ ಇದೆ. ತಾನು ತೀರಿಕೊಂಡರೆ ಹಣ ಯಾರಿಗೆ ಸೇರಬೇಕೆಂದು ಸದಸ್ಯನು ಹೆಸರು ಬರೆದುಕೊಡಬೇಕು. 1952ರ ಯೋಜನೆಯ ನಿಯಮದಂತೆ, ಕುಟುಂಬವಿಲ್ಲದಿದ್ದಾಗ ಬರೆದ ಹೆಸರು ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಬರೆಯಬೇಕು. ಮದುವೆಯ ಸಂಗತಿಯನ್ನು ಕಚೇರಿಗೆ ತಿಳಿಸದೆ, ಇಂಥ ಒಂದು ಖಾತೆ ಇದೆಯೆಂದು ಹೆಂಡತಿಗೂ ಹೇಳದೆ ಇದ್ದವನು ಹಠಾತ್ತಾಗಿ ತೀರಿಕೊಂಡರೆ ಏನಾಗುವುದು? ಆ ಹೆಣ್ಣುಮಗಳು ಭಾಷೆ ತಿಳಿಯದ ಊರಿಗೆ ಬಂದು, ತಾನು ಆತನ ಹೆಂಡತಿಯೆಂದು ಕಾಗದಗಳಿಂದ ಸಾಬೀತು ಮಾಡುತ್ತ ಬಾಗಿಲು ಬಾಗಿಲು ತಿರುಗಬೇಕು. ಆತ ಕೆಟ್ಟವನಲ್ಲ. ಸಂಸಾರ ಗುಟ್ಟು ಎಂಬ ಗಾದೆಯ ಮೊದಲರ್ಧವನ್ನು ಹೆಂಡತಿಯ ಮೇಲೂ ನಡೆಸಿದ, ಅಷ್ಟೇ.

ಆದುದರಿಂದ ಹೀಗೆ ನೆನಪಿಡಿರಿ. ಬ್ಯಾಂಕಿನ ಪಿನ್ ಸಂಖ್ಯೆ ಗುಟ್ಟು, ಬ್ಯಾಂಕಿನ ಖಾತೆ ಇರುವುದು ಮನೆಯವರಿಗೆ ಗುಟ್ಟಲ್ಲ. ಫೋನಿಗೆ ಬರುವ ಓಟಿಪಿ ಗುಟ್ಟು, ಮಾಡಿದ ಸಾಲ ಮನೆಯವರಿಗೆ ಗುಟ್ಟಲ್ಲ. ನಮಗೆ ನಂಬಿ ಹೇಳಿದ ಇನ್ನೊಬ್ಬರ ಮಾತು ಗುಟ್ಟು, ನಮ್ಮ ಕಾಯಿಲೆ ಜೊತೆಯಲ್ಲಿರುವವರಿಗೆ ಗುಟ್ಟಲ್ಲ.

ಯಾರಿಗೆ ಈ ಹೆಸರು ಸಲ್ಲದು?

ಊರಿನಿಂದ ಹೊಸದಾಗಿ ಬಂದ ಹುಡುಗನು ಊಟದ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಕೇಳಿದ್ದಕ್ಕೆ ತಲೆಯಾಡಿಸುತ್ತಾನೆ. ಅವನಿಗೆ ಹಿಂದಿ ಬಾರದು, ಮರಾಠಿ ಬಾರದು, ನಾಲ್ಕು ಜನರ ಮುಂದೆ ತಪ್ಪು ಮಾತಾಡಲು ನಾಚಿಕೆ. ಅವನ ಹತ್ತಿರ ಬಚ್ಚಿಟ್ಟದ್ದು ಏನೂ ಇಲ್ಲ, ಹೇಳಲು ಮಾತಿಲ್ಲ. ಅಂಥವನನ್ನು ಗುಮ್ಮನಗುಸುಕ ಎನ್ನುವುದು ಅರ್ಥದ ತಪ್ಪು, ನಡತೆಯ ತಪ್ಪೂ ಹೌದು. ಹಾಗೆಯೇ ಮತ್ತೊಬ್ಬರ ಸಂಬಳ, ಸಾಲ, ಮನೆಜಗಳ ತಿಳಿದಿದ್ದೂ ಬಾಯಿ ಬಿಡದವನಿಗೆ ಈ ಹೆಸರು ಸಲ್ಲದು. ಅವನು ನಂಬಿಕಸ್ತ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಗುಮ್ಮನಗುಸುಕರಾಗಿಯೇ ಹುಟ್ಟಿದವರು ಕಡಮೆ, ಆಗಿಹೋದವರು ಹೆಚ್ಚು. ಒಮ್ಮೆ ಮನಸ್ಸು ಬಿಚ್ಚಿ ಹೇಳಿದ ಮಾತು ಮರುದಿನ ಚಹದಂಗಡಿಯಲ್ಲಿ ನಗೆಗೆ ಗುರಿಯಾದರೆ, ಹೇಳಿದವನು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಕಾಯಿಲೆ ಎಂದೊಡನೆ ಹಾಸಿಗೆಯನ್ನು ವರಾಂಡಕ್ಕೆ ಹಾಕಿ, ಲೋಟ ಬೇರೆ ಮಾಡಿ, ಕೋಣೆ ಬಿಡು ಎನ್ನುವುದಾದರೆ ವ್ಯಾಧಿ ರಟ್ಟು ಮಾಡುವವರು ಯಾರು? ಗಾದೆಯ ಎರಡನೆಯ ಅರ್ಧ ನಡೆಯಬೇಕಾದರೆ ಕೇಳುವವರೂ ಅದಕ್ಕೆ ಯೋಗ್ಯರಾಗಿರಬೇಕು. ‘ನಾಳೆ ನಾನೇ ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇನೆ’ ಎನ್ನುವವನೊಬ್ಬ ಕೋಣೆಯಲ್ಲಿದ್ದರೆ ಹೇಳಬೇಕಾದ ಮಾತು ತಾನಾಗಿ ಹೊರಗೆ ಬರುತ್ತದೆ.

ಅಭ್ಯಾಸ

1. ‘ಮಿತಭಾಷಿ’, ‘ಮುಗುಮ್ಮಾಗಿ’, ‘ಗುಮ್ಮನಗುಸುಕ’ ಈ ಮೂರನ್ನೂ ಬಳಸಿ ಒಂದೊಂದು ವಾಕ್ಯ ಬರೆಯಿರಿ.

2. ಕೆಳಗಿನವುಗಳಲ್ಲಿ ಯಾವುದು ಗುಟ್ಟು, ಯಾವುದು ರಟ್ಟು, ಯಾರಿಗೆ? (ಅ) ಗೆಳೆಯನ ಮನೆಯ ಜಗಳ. (ಆ) ಯಂತ್ರದ ಹತ್ತಿರ ಕೆಲಸ ಮಾಡುವವನಿಗೆ ಆಗಾಗ ಬರುವ ತಲೆಸುತ್ತು. (ಇ) ಭವಿಷ್ಯ ನಿಧಿಗೆ ಬರೆದುಕೊಟ್ಟ ಹೆಸರು.

3. ‘ಹೊಟ್ಟೆಯಲ್ಲಿಟ್ಟುಕೊಳ್ಳು’, ‘ಹೊಟ್ಟೆಗೆ ಹಾಕಿಕೊಳ್ಳು’ ಇವುಗಳ ಅರ್ಥಭೇದವೇನು? ಮೊದಲನೆಯದು ಗುಟ್ಟನ್ನು ಕಾಯುವುದು. ಎರಡನೆಯದು ಏನೆಂಬುದನ್ನು ನೀವೇ ಬರೆಯಿರಿ.

4. ನಿಮ್ಮ ಊರಿನಲ್ಲಿ ಗುಟ್ಟಿನ ಮನುಷ್ಯನಿಗೆ ಬೇರೆ ಯಾವ ಮಾತು ಬಳಕೆಯಲ್ಲಿದೆ? ಊರು, ತಾಲ್ಲೂಕು ಸಹಿತ ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಡಿರಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸರಿ, ನಾವು ಬರೆದುಕೊಳ್ಳುತ್ತೇವೆ. ಭವಿಷ್ಯ ನಿಧಿಯ ಹೆಸರಿನ ಕಾಗದವನ್ನು ತುಂಬುವುದು ತಿಳಿಯದವರು ಅದನ್ನೂ ಜೊತೆಗೆ ತರಬಹುದು. ಅದರಲ್ಲಿ ಬರೆದದ್ದು ನಮ್ಮಲ್ಲಿ ಗುಟ್ಟಾಗಿಯೇ ಇರುತ್ತದೆ.